ಸಾಂಸ್ಥಿಕ ಸ್ಮೃತಿಯ ವಿಚಾರ: ಪಾನುಂಗಲ್ಲು ನಾಡಿನ ಶಾಸನಗಳೂ ಇಂದಿನ ಗಣಕ ದಪ್ತರಗಳೂ

ಶಿಲಾಶಾಸನಗಳನ್ನು ಓದುವವರಲ್ಲಿ ಎರಡು ಪಂಗಡಗಳುಂಟು. ಐತಿಹಾಸಿಕರು ರಾಜವಂಶ, ಶಕವರ್ಷ, ಯುದ್ಧಗಳ ಉಲ್ಲೇಖಗಳನ್ನು ಆರಿಸಿಕೊಂಡು ಉಳಿದುದನ್ನು ಬಿಡುವರು. ಕಾವ್ಯರಸಿಕರು ಪ್ರಶಸ್ತಿಭಾಗದ ಕಂದವೃತ್ತಗಳ ಬಂಧವನ್ನು ಕೊಂಡಾಡಿ, ಮತ್ತರು, ಕಮ್ಮ, ಗದ್ಯಾಣಗಳ ಲೆಕ್ಕವು ಮೊದಲಾದೊಡನೆ ಹಾಳೆಯನ್ನು ಮಗುಚುವರು. ಇಬ್ಬರೂ ಬಿಡುವ ಭಾಗವೊಂದಿದೆ. ಊರಿನ ಮಹಾಜನರೂ ದೇವಾಲಯದ ಸ್ಥಾನಾಚಾರ್ಯರೂ ಕಲ್ಲನ್ನು ಕಡೆಯಿಸಿ ನಿಲ್ಲಿಸಿದುದು ಮುಖ್ಯವಾಗಿ ಆ ಭಾಗಕ್ಕಾಗಿಯೇ. ಯಾವ ನೆಲ, ಯಾವ ಕೋಲಿನ ಅಳತೆಯಲ್ಲಿ ಎಷ್ಟು, ಯಾರಿಂದ ಯಾರಿಗೆ, ಯಾವ ವೆಚ್ಚಕ್ಕಾಗಿ, ಯಾರ ಸಮಕ್ಷಮದಲ್ಲಿ, ಯಾರ ರಕ್ಷಣೆಯಲ್ಲಿ ಎಂಬುದನ್ನು ಅದು ಹೇಳುತ್ತದೆ. ಒಂದು ಸಂಸ್ಥೆಯು ತಾನು ತಿಳಿದುದನ್ನು ತನ್ನ ಮುಂದಿನವರಿಗೆ ಒಪ್ಪಿಸುವ ಕ್ರಮವು ಅಲ್ಲಿಯೇ ಅಡಗಿರುವುದು.

ಈ ಕ್ರಮವನ್ನು ವಿಚಾರಿಸುವುದಕ್ಕೆ ಈಗ ಹೊಸದೊಂದು ನಿಮಿತ್ತವೂ ಒದಗಿದೆ. ದೊಡ್ಡ ಕಚೇರಿಗಳೂ ಕಾರಖಾನೆಗಳೂ ತಮ್ಮ ಅನುಭವವನ್ನು ಕಳೆದುಕೊಳ್ಳದೆ ಮತ್ತೆ ಬಳಸಿಕೊಳ್ಳುವ ಬಗೆ ಹೇಗೆಂಬುದನ್ನು ಕುರಿತು ಪಾಶ್ಚಾತ್ಯ ದೇಶಗಳಲ್ಲಿ ಒಂದು ಶಾಸ್ತ್ರವೇ ಬೆಳೆದಿದೆ. ಗಣಕಯಂತ್ರಗಳು ಬಂದ ಮೇಲೆ ನಮ್ಮ ಸರಕಾರದ ದಪ್ತರಗಳೂ ಆ ದಾರಿಯನ್ನು ಹಿಡಿದಿವೆ. ಹಳೆಯ ಕ್ರಮವನ್ನೂ ಹೊಸ ಕ್ರಮವನ್ನೂ ಒಂದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶವು. ವಿಚಾರಕ್ಕೆ ಕ್ಷೇತ್ರವಾಗಿ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳನ್ನು ತೆಗೆದುಕೊಂಡಿದೆ. ಇವು ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು, ಆ ವರ್ಷ ಹಾವೇರಿ ಜಿಲ್ಲೆಯಾದಾಗ ಅದರೊಳಗೆ ಬಂದುವು. ಹಾನಗಲ್ಲು ಶಾಸನಗಳ ಪಾನುಂಗಲ್ಲು. ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿದ್ದ ಊರು, ಪಾನುಂಗಲ್ಲು ಐನೂರಕ್ಕೆ ತಲೆಯೂರು. ಕಲ್ಲು, ತಾಮ್ರ, ಓಲೆ, ಕಡತ, ಗಣಕ ಈ ಐದು ಬಗೆಯ ಲೇಖ್ಯಗಳಿಗೂ ಈ ಸೀಮೆಯ ಚರಿತ್ರೆಯಲ್ಲಿ ನಿದರ್ಶನಗಳು ದೊರೆಯುವುದರಿಂದ ನಮ್ಮ ವಿಚಾರಕ್ಕೆ ಇದು ತಕ್ಕ ಕ್ಷೇತ್ರವೆಂದು ತೋರುತ್ತದೆ.

ಮೊದಲು ಒರೆಗಲ್ಲು ಯಾವುದೆಂಬುದನ್ನು ನಿರ್ಣಯಿಸಿಕೊಳ್ಳಬೇಕು. ಸ್ಮೃತಿಯೆಂಬುದು ಸಂಸ್ಕಾರದಿಂದ ಹುಟ್ಟುವ ಜ್ಞಾನವೆಂದು ನೈಯಾಯಿಕರ ಮತ. ಆದರೆ ಸಂಸ್ಕಾರವು ಒಳಗೆ ಇದ್ದ ಮಾತ್ರಕ್ಕೆ ಸ್ಮರಣೆಯು ಹುಟ್ಟಲಾರದು. ಅದನ್ನು ಎಚ್ಚರಿಸುವ ಉದ್ಬೋಧಕವೊಂದು ಬೇಕೆಂದು ಅವರೇ ಹೇಳುತ್ತಾರೆ. ಸದೃಶವಾದ ವಸ್ತುವಿನ ದರ್ಶನ, ಏಕಾಗ್ರವಾದ ಚಿಂತನೆ ಮೊದಲಾದವು ಉದ್ಬೋಧಕಗಳು. ಇದು ವ್ಯಕ್ತಿಯ ಮನಸ್ಸನ್ನು ಕುರಿತು ಹೇಳಿದ ಮಾತಾದರೂ ಸಂಸ್ಥೆಗೂ ಚೆನ್ನಾಗಿ ಅನ್ವಯಿಸುತ್ತದೆ. ಕೂಡಿಟ್ಟ ಕಾಗದವು ಸಂಸ್ಕಾರದಂತೆ. ಅದನ್ನು ವೇಳೆಗೆ ಸರಿಯಾಗಿ ಎಬ್ಬಿಸುವ ಸಾಧನವಿಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆಯೇ ಸರಿ.

ಇನ್ನು ವೈದಿಕರ ಸಂಪ್ರದಾಯವನ್ನು ನೋಡೋಣ. ಬರವಣಿಗೆಯ ನೆರವಿಲ್ಲದೆ ಸಾವಿರಾರು ಮಂತ್ರಗಳನ್ನು ಅಕ್ಷರವೂ ಸ್ವರವೂ ಕೆಡದಂತೆ ಉಳಿಸಿಕೊಂಡು ಬಂದ ವ್ಯವಸ್ಥೆಯಿದು. ಪದ, ಕ್ರಮ, ಜಟೆ, ಘನ ಎಂಬ ಪಾಠಗಳು ತಪ್ಪು ನುಸುಳದಂತೆ ಕಾಯುವ ಕಾವಲುಗಳು. ಆದರೆ ಪೂರ್ವಿಕರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಒಂದೊಂದು ಮಂತ್ರಕ್ಕೂ ಋಷಿ ಯಾರು, ಛಂದಸ್ಸು ಯಾವುದು, ದೇವತೆ ಯಾವುದು, ವಿನಿಯೋಗವೆಲ್ಲಿ ಎಂಬ ನಾಲ್ಕನ್ನು ತಿಳಿದೇ ಪಠಿಸತಕ್ಕದ್ದೆಂದು ವಿಧಿಸಿದರು. ಮೊದಲ ಮೂರನ್ನು ಅನುಕ್ರಮಣಿಗಳೂ ನಾಲ್ಕನೆಯದನ್ನು ಕಲ್ಪಸೂತ್ರಗಳೂ ಕಾಪಾಡಿದುವು. ವಿನಿಯೋಗವನ್ನು ಅರಿಯದವನ ಬಾಯಲ್ಲಿ ಮಂತ್ರವು ಉಳಿದಿದ್ದರೂ ಕರ್ಮಕ್ಕೆ ಒದಗದು. ಈ ನಾಲ್ಕನ್ನೇ ಲೌಕಿಕವಾಗಿ ಅರ್ಥಮಾಡಿದರೆ, ಯಾವ ಲೇಖ್ಯದಲ್ಲಿಯೂ ಹುಡುಕಬೇಕಾದ ನಾಲ್ಕು ಅಂಗಗಳು ದೊರೆಯುತ್ತವೆ: ಯಾರ ಅಧಿಕಾರದ ಮಾತಿದು ಎಂಬುದು ಋಷಿ, ಯಾವ ಲಿಪಿ, ಯಾವ ಅಳತೆ, ಯಾವ ಮಾದರಿ ಎಂಬುದು ಛಂದಸ್ಸು, ಯಾವ ವಸ್ತುವನ್ನು ಕುರಿತದ್ದೆಂಬುದು ದೇವತೆ, ಯಾವ ಸಂದರ್ಭದಲ್ಲಿ, ಯಾವ ಕಾರಣದಿಂದ, ಯಾವ ಉಪಯೋಗಕ್ಕಾಗಿ ಎಂಬುದು ವಿನಿಯೋಗ. ನಮ್ಮ ಒರೆಗಲ್ಲು ಇದೇ.

ಲೇಖ್ಯದ ವಿಷಯದಲ್ಲಿ ಧರ್ಮಶಾಸ್ತ್ರಕಾರರ ದೃಷ್ಟಿಯೂ ಇದಕ್ಕೆ ಸಮ್ಮತವಾಗಿದೆ. ಅರಸನು ಭೂಮಿಯನ್ನು ದಾನಮಾಡಿದಾಗ ಬಟ್ಟೆಯ ಮೇಲೆ ಅಥವಾ ತಾಮ್ರಪಟದ ಮೇಲೆ ಬರೆಯಿಸಿ, ತನ್ನ ವಂಶವನ್ನೂ ದಾನದ ಪರಿಮಾಣವನ್ನೂ ಎಲ್ಲೆಯನ್ನೂ ಕಾಲವನ್ನೂ ನಮೂದಿಸಿ, ಮುದ್ರೆಯೊತ್ತಿ ಕೊಡಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಪ್ರಯೋಜನವನ್ನು ಹೇಳುವಲ್ಲಿ ಅದು ಕೀರ್ತಿಯ ಮಾತನ್ನು ಎತ್ತುವುದಿಲ್ಲ. ಮುಂದೆ ಬರುವ ಸಜ್ಜನರಾದ ಅರಸರು ತಿಳಿದುಕೊಳ್ಳಲಿ ಎಂಬುದೇ ಅದು ಹೇಳುವ ಪ್ರಯೋಜನ. ಪತ್ರವು ದೇಶಾಂತರದಲ್ಲಿದ್ದರೆ, ಓದಲು ಬಾರದಂತಾದರೆ, ಕಳೆದರೆ, ಅಳಿಸಿದರೆ, ಕಳವಾದರೆ, ಹರಿದರೆ, ಸುಟ್ಟರೆ ಬೇರೊಂದನ್ನು ಬರೆಯಿಸಿಕೊಳ್ಳಬೇಕೆಂದೂ ಅದೇ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿದೆ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿದ್ದವನು. ಪಾನುಂಗಲ್ಲು ನಾಡೂ ಆ ಚಕ್ರವರ್ತಿಗೆ ಅಧೀನವಾಗಿತ್ತು.

ಈಗ ಶಾಸನಗಳಿಗೆ ಬರೋಣ. ಮೀಮಾಂಸಕರು ವೇದವಾಕ್ಯಗಳಲ್ಲಿ ವಿಧಿಯೆಂದೂ ಅರ್ಥವಾದವೆಂದೂ ಭೇದವನ್ನು ಮಾಡುವರು. ಮಾಡೆಂದು ಹೇಳುವುದು ವಿಧಿ. ಅದರಲ್ಲಿ ರುಚಿಯನ್ನು ಹುಟ್ಟಿಸುವ ಸ್ತುತಿ ಅರ್ಥವಾದ. ಶಾಸನದ ಪ್ರಶಸ್ತಿಯು ಅರ್ಥವಾದ. ದತ್ತಿಯ ಭಾಗವು ವಿಧಿ. ಕೊನೆಯ ಶಾಪಾಶೀರ್ವಾದಗಳು ನಿಷೇಧವೂ ಫಲಶ್ರುತಿಯೂ ಆಗಿವೆ. ಅರ್ಥವಾದವನ್ನು ಓದಿ ವಿಧಿಯನ್ನು ಬಿಡುವವನು ಮೀಮಾಂಸಕರ ಸಭೆಯಲ್ಲಿ ನಗೆಗೀಡಾಗುವನು. ಶಾಸನವಿಮರ್ಶೆಯಲ್ಲಿಯಾದರೋ ಅದೇ ರೂಢಿಯಾಗಿಬಿಟ್ಟಿದೆ.

ವಿಧಿಭಾಗವು ಎಷ್ಟು ವಿವೇಕದಿಂದ ರಚಿತವಾದುದೆಂಬುದಕ್ಕೆ ಅಳತೆಯ ವಿಷಯವೊಂದೇ ಸಾಕು. ಮತ್ತರೆಂಬುದು ನೆಲದ ಅಳತೆಯಾದರೂ ಅದು ಎಲ್ಲೆಡೆಯೂ ಸಮನಲ್ಲ. ಅಳೆಯುವ ಗಳೆಯು ಬೇರೆಯಾದರೆ ಮತ್ತರೂ ಬೇರೆಯಾಗುವುದು. ಆದುದರಿಂದಲೇ ಇಷ್ಟು ಮತ್ತರೆಂದು ಬರೆದು ಸುಮ್ಮನಾಗದೆ, ಇಂತಹ ಗಳೆಯಲ್ಲಿ ಅಳೆದ ಮತ್ತರೆಂದು ಶಾಸನಗಳು ನಿರ್ದೇಶಿಸುತ್ತವೆ. ಬಳ್ಳಿಗಾವೆಯ ಶಾಸನಗಳ ಭೇರುಂಡ ಗಳೆಯು ಪ್ರಸಿದ್ಧವಾಗಿಯೇ ಇದೆ. ದಕ್ಷಿಣದೇಶದ ಕೆಲವು ದೇವಾಲಯಗಳ ಗೋಡೆಯ ಮೇಲೆಯೇ ಕೋಲಿನ ಉದ್ದವನ್ನು ಗೀಟಿಟ್ಟು ಗುರುತಿಸಿದ್ದೂ ಉಂಟು. ಲೆಕ್ಕವೆಲ್ಲಿದೆಯೋ ಅಲ್ಲಿಯೇ ಲೆಕ್ಕದ ಮಾನದಂಡವನ್ನೂ ಇರಿಸಿದ ಈ ಮುಂದಾಲೋಚನೆಯು, ಸೂತ್ರಗಳ ಜತೆಯಲ್ಲಿಯೇ ಪರಿಭಾಷೆಯನ್ನೂ ಇಟ್ಟ ವೈಯಾಕರಣರ ಮುಂದಾಲೋಚನೆಗೆ ಸಮನಾದುದು. ಛಂದಸ್ಸೆಂದು ನಾವು ಹೇಳಿದ ಅಂಗವು ಇದೇ.

ವೆಚ್ಚದ ಬಾಬುಗಳೂ ಹಾಗೆಯೇ. ಅಂಗಭೋಗ, ರಂಗಭೋಗ, ಖಂಡಸ್ಫುಟಿತ ಜೀರ್ಣೋದ್ಧಾರ, ತಪೋಧನರ ಆಹಾರದಾನ, ವಿದ್ಯಾದಾನ ಎಂಬ ಶಬ್ದಗಳು ಊರೂರಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದನ್ನು ಕಂಡು ಕೆಲವರು ಇವನ್ನು ಚರ್ವಿತಚರ್ವಣವೆಂದು ಹಳಿಯುವರು. ಕಾವ್ಯದಲ್ಲಿ ಅದು ದೋಷವಿರಬಹುದು. ಕರಣದ ಬರವಣಿಗೆಯಲ್ಲಿ ಅದೇ ಗುಣ. ಹಾನಗಲ್ಲಿನ ಸೇನಬೋವನು ಬರೆದುದನ್ನು ಹಿರೇಕೆರೂರಿನ ಕಡೆಯ ಸೇನಬೋವನು ಕೇಳದೆಯೇ ತಿಳಿಯುತ್ತಿದ್ದುದು ಈ ನಿಯತ ಮಾದರಿಯಿಂದ. ವರ್ಷ ವರ್ಷವೂ ಜೀರ್ಣೋದ್ಧಾರಕ್ಕೆ ಹಣವನ್ನು ಎತ್ತಿಡಬೇಕೆಂಬ ಅನುಭವವು ಒಬ್ಬ ಆಚಾರ್ಯನ ಜತೆಯಲ್ಲಿ ಅಳಿಯದೆ, ಮಾದರಿಯ ಒಂದು ಪದವಾಗಿ ನಿಂತಿತು. ವಾಲ್ಷ್ ಮತ್ತು ಉಂಗ್ಸನ್ ಎಂಬ ಪಂಡಿತರು ೧೯೯೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸಂಸ್ಥೆಯ ನೆನಪು ವ್ಯಕ್ತಿಗಳಲ್ಲಿ, ಆಚಾರಸಂಸ್ಕೃತಿಯಲ್ಲಿ, ಕಾರ್ಯವಿಧಾನಗಳಲ್ಲಿ, ಅಧಿಕಾರಸ್ಥಾನಗಳಲ್ಲಿ, ಸ್ಥಳಸನ್ನಿವೇಶದಲ್ಲಿ, ಅಲ್ಲದೆ ಹೊರಗಿನ ದಪ್ತರಗಳಲ್ಲಿ ನೆಲಸಿರುವುದೆಂದು ಪ್ರತಿಪಾದಿಸಿದರು. ಸ್ಥಾನಾಚಾರ್ಯ, ಆಚಾರ, ದತ್ತಿಯ ವಿಧಿ, ಸೇನಬೋವನ ಪದವಿ, ದೇವಾಲಯದ ಪ್ರಾಕಾರ, ಊರ ಮುಂದಿನ ಕಲ್ಲು ಎಂದು ಇವನ್ನು ಒಂದೊಂದಾಗಿ ನಮ್ಮಲ್ಲಿ ಹೊಂದಿಸಿಕೊಳ್ಳಬಹುದು. ಇವುಗಳಲ್ಲಿ ಒಂದು ಕೆಟ್ಟರೆ ಇನ್ನೊಂದು ಹಿಡಿದು ನಿಲ್ಲಿಸುತ್ತಿತ್ತು.

ಈ ಸಾಮಾನ್ಯವಿಚಾರಕ್ಕೆ ವಿಶೇಷ ನಿದರ್ಶನವು ಹಿರೇಕೆರೂರು ತಾಲೂಕಿನ ಅಬಲೂರು. ಅಲ್ಲಿಯ ಸೋಮೇಶ್ವರ ದೇವಾಲಯದ ಶಾಸನವನ್ನು ಫ್ಲೀಟರು ಎಪಿಗ್ರಾಫಿಯಾ ಇಂಡಿಕಾದ ೫ನೆಯ ಸಂಪುಟದಲ್ಲಿ ಪಾಠ ಭಾಷಾಂತರಗಳೊಡನೆ ಪ್ರಕಟಿಸಿದರು. ಸುಮಾರು ೧೨೦೦ರ ಈ ಶಾಸನವು ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವುದರಿಂದ, ವೀರಶೈವಮತದ ಚರಿತ್ರೆಯಲ್ಲಿ ಬಸವೇಶ್ವರನಿಗೂ ರಾಮಯ್ಯನಿಗೂ ಇರುವ ಸ್ಥಾನವೇನೆಂಬ ವಾದವು ಎದ್ದು ಬಹುಕಾಲ ನಡೆಯಿತು. ಕಥೆಯು ಹರಿಹರನ ರಗಳೆಯ ಮೂಲಕ ಸಾಹಿತ್ಯಲೋಕಕ್ಕೂ ಪರಿಚಿತವಾಗಿದೆ. ಪವಾಡದ ಸತ್ಯಾಸತ್ಯತೆಯು ನಮ್ಮ ವಿಚಾರಕ್ಕೆ ಸೇರಿದುದಲ್ಲ. ಈ ಶಾಸನದಲ್ಲಿ ಲೇಖ್ಯಗಳು ನಡೆದ ದಾರಿಯನ್ನು ಮಾತ್ರ ನಾವು ಅನುಸರಿಸುವೆವು.

ಶಾಸನವು ಹೇಳುವಂತೆ, ರಾಮಯ್ಯನಿಗೂ ಜೈನರಿಗೂ ವಾದವುಂಟಾದಾಗ ಪಣದ ನಿಬಂಧನೆಯನ್ನು ಓಲೆಯಲ್ಲಿ ಬರೆದುಕೊಟ್ಟರು. ಇದು ಮೊದಲನೆಯ ಲೇಖ್ಯ. ಮುಂದೆ ಜೈನರು ಬಿಜ್ಜಳನಲ್ಲಿ ದೂರಿದಾಗ ರಾಮಯ್ಯನು ಆ ಓಲೆಯನ್ನೇ ಅರಸನ ಮುಂದೆ ಇಟ್ಟನು. ಬರೆದಿಟ್ಟುದು ವೇಳೆಗೆ ಒದಗಿತು. ಬಿಜ್ಜಳನು ಜಯಪತ್ರವನ್ನು ಕೊಟ್ಟನು. ಇದು ಎರಡನೆಯ ಲೇಖ್ಯ. ಅನಂತರ ನಾಲ್ಕನೆಯ ಸೋಮೇಶ್ವರನೂ ಅವನ ದಂಡನಾಯಕ ಬ್ರಹ್ಮನೂ ಪುರಾತನ ನೂತನ ಶಿವಭಕ್ತರ ಗುಣಕಥನದಲ್ಲಿದ್ದಾಗ ರಾಮಯ್ಯನ ಪ್ರಸಂಗವು ಬಂದಿತು; ಅರಸನು ಪತ್ರವನ್ನು ಕಳುಹಿ ಅವನನ್ನು ಕರೆಯಿಸಿ ದೇವಾಲಯಕ್ಕೆ ಅಬಲೂರನ್ನೇ ದತ್ತಿಯಾಗಿ ಬಿಟ್ಟನು. ಇಲ್ಲಿ ಉದ್ಬೋಧಕವಾದುದು ಬಾಯಿಮಾತು. ಅದರ ಬೆನ್ನಿಗೆ ಬಂದುದು ಬರಹ. ಕೊನೆಗೆ ಹಾನಗಲ್ಲ ಕದಂಬ ಕಾಮದೇವನೂ ದತ್ತಿಯನ್ನಿತ್ತನು. ಇವೆಲ್ಲವೂ ಸೇರಿ ಒಂದೇ ಶಿಲೆಯ ಮೇಲೆ ಬಂದುವು. ಅಷ್ಟಕ್ಕೇ ನಿಲ್ಲದೆ ದೇವಾಲಯದಲ್ಲಿ ಆ ವೃತ್ತಾಂತವನ್ನು ಶಿಲ್ಪಗಳಾಗಿ ಕಡೆದು, ಇದು ಇಂತಹ ಸನ್ನಿವೇಶವೆಂದು ಕಿರಿದಾದ ಬರಹಗಳಿಂದ ಗುರುತಿಸಿದ್ದಾರೆ. ಶಿಲ್ಪವು ಓದುಬಾರದವನಿಗೆ, ಕಿರುಬರಹವು ಅಲ್ಪಸ್ವಲ್ಪ ಬಲ್ಲವನಿಗೆ, ಮಹಾಶಾಸನವು ವಿದ್ವಾಂಸನಿಗೂ ಅಧಿಕಾರಿಗೂ ಎಂದು ಒಂದೇ ತಿಳಿವಿಗೆ ಮೂರು ಬಾಗಿಲುಗಳು ಇಲ್ಲಿವೆ.

ನಮ್ಮ ನಾಲ್ಕು ಅಂಗಗಳನ್ನು ಹಚ್ಚಿ ನೋಡಿದರೆ ಅಬಲೂರ ಶಾಸನವು ಬಹುಮಟ್ಟಿಗೆ ತೇರ್ಗಡೆಯಾಗುತ್ತದೆ. ದತ್ತಿಯನ್ನು ಕೊಟ್ಟವರಾರೆಂಬುದು ಮಾತ್ರವಲ್ಲದೆ ಏಕೆ ಕೊಟ್ಟರೆಂಬುದೂ, ಹಿಂದಿನ ನಿರ್ಣಯವಾವುದರ ಮೇಲೆ ಇಂದಿನದು ನಿಂತಿದೆಯೆಂಬುದೂ ಅಲ್ಲಿ ಸರಪಣಿಯಂತೆ ಹೆಣೆದುಕೊಂಡಿವೆ. ಆದರೂ ಒಂದು ಕೊರತೆಯನ್ನು ಹೇಳದಿದ್ದರೆ ವಿಮರ್ಶೆಯು ಪಕ್ಷಪಾತವಾದೀತು. ಈ ಕಲ್ಲು ಗೆದ್ದವರ ಕಲ್ಲು. ಜೈನರು ಬಿಜ್ಜಳನಲ್ಲಿ ಮಾಡಿಕೊಂಡ ವಿಜ್ಞಾಪನೆಯು ಗೆದ್ದವರ ಮಾತಿನಲ್ಲಿ ಮಾತ್ರ ನಮಗೆ ತಲಪುತ್ತದೆ. ಸಂಸ್ಥೆಯು ತನ್ನ ನೆನಪನ್ನು ತಾನೇ ಬರೆಯುವಾಗ ಎದುರಾಳಿಯ ವಾದಕ್ಕೆ ಎಷ್ಟು ಎಡೆಗೊಡುವುದೆಂಬುದು ಆಗಲೂ ಸಂದೇಹ, ಈಗಲೂ ಸಂದೇಹ. ಪೂರ್ವಪಕ್ಷವನ್ನು ಪೂರ್ಣವಾಗಿ ಹೇಳಿಯೇ ಸಿದ್ಧಾಂತಕ್ಕೆ ಬರುವ ಶಾಸ್ತ್ರಗ್ರಂಥಗಳ ಮರ್ಯಾದೆಯು ಶಿಲಾಶಾಸನಗಳಿಗೆ ಬರಲಿಲ್ಲ.

ಎರಡನೆಯ ನಿದರ್ಶನವು ಶಿಗ್ಗಾವಿ ತಾಲೂಕಿನ ಬಂಕಾಪುರಕ್ಕೆ ಸಂಬಂಧಿಸಿದುದು. ರಾಷ್ಟ್ರಕೂಟ ಅಮೋಘವರ್ಷನ ಸಾಮಂತನಾದ ಬಂಕೆಯನಿಂದ ಆ ಊರಿಗೆ ಹೆಸರು ಬಂದಿತು. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಶಕ ೮೨೦ರಲ್ಲಿ ಪೂಜೆಯು ಸಂದುದು ಅಲ್ಲಿಯೇ ಎಂದು ಆ ಗ್ರಂಥದ ಪ್ರಶಸ್ತಿಯಿಂದ ತಿಳಿಯುತ್ತದೆ. ಈ ಬಂಕೆಯನು ಕೊಳನೂರಿನಲ್ಲಿ, ಎಂದರೆ ಈಗಿನ ಗದಗ ಜಿಲ್ಲೆಯ ಕೊಣ್ಣೂರಿನಲ್ಲಿ, ಕಟ್ಟಿಸಿದ ಜಿನಾಲಯಕ್ಕೆ ಅಮೋಘವರ್ಷನು ಶಕ ೭೮೨ರಲ್ಲಿ, ಎಂದರೆ ೮೬೦ರಲ್ಲಿ, ದತ್ತಿಯನ್ನು ಬಿಟ್ಟನು. ಆದರೆ ಕೊಣ್ಣೂರಿನಲ್ಲಿ ಈಗ ನಿಂತಿರುವ ಕಲ್ಲು ಆ ಕಾಲದ್ದಲ್ಲ. ಮೇಘಚಂದ್ರ ತ್ರೈವಿದ್ಯರ ಶಿಷ್ಯರಾದ ವೀರನಂದಿಗಳು ಆ ಊರಿನ ಪ್ರಭುವಿನ ಪ್ರಾರ್ಥನೆಯಂತೆ ತಾಮ್ರಶಾಸನವನ್ನು ನೋಡಿ ಕಲ್ಲಿನ ಮೇಲೆ ಬರೆಯಿಸಿದರೆಂದು ಅದರಲ್ಲಿಯೇ ಹೇಳಿದೆ. ಮೇಘಚಂದ್ರರು ೧೧೧೫ರಲ್ಲಿ ಮುಡಿಪಿದವರಾದುದರಿಂದ ಈ ಪ್ರತಿಯು ೧೨ನೆಯ ಶತಮಾನದ್ದು. ಮೂಲಕ್ಕೂ ಪ್ರತಿಗೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರ.

ಪ್ರತಿಯಾದ ಕಾರಣಕ್ಕೆ ಇಂತಹ ಶಾಸನಗಳನ್ನು ಐತಿಹಾಸಿಕರು ಸಂದೇಹದಿಂದ ನೋಡುವರು. ಅವರ ದೃಷ್ಟಿಗೆ ಅದು ನ್ಯಾಯವೇ. ನಮ್ಮ ದೃಷ್ಟಿಗೆ ಕಾಣುವುದು ಬೇರೆ. ವೀರನಂದಿಗಳು ಪ್ರತಿಯನ್ನು ಮೂಲವೆಂದು ಹೇಳಿಕೊಳ್ಳಲಿಲ್ಲ. ಪ್ರತಿ ಮಾಡಿದವರಾರು, ಯಾರ ಕೇಳಿಕೆಯಿಂದ, ಯಾವ ಮೂಲದಿಂದ ಎಂಬುದನ್ನು ಪ್ರತಿಯಲ್ಲಿಯೇ ಬರೆಯಿಸಿದರು. ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ತಿಳಿವನ್ನು ಸಾಗಿಸುವವರಿಗೆ ಇದಕ್ಕಿಂತ ಉತ್ತಮವಾದ ಮೇಲ್ಪಂಕ್ತಿಯು ದೊರೆಯಲಾರದು. ಸಾಗಿಸಿದ ಸಂಗತಿಯೇ ಒಂದು ಸಂಗತಿ. ಅದನ್ನು ಮುಚ್ಚಿದರೆ ಋಷಿಯು ತಪ್ಪುತ್ತಾನೆ.

ಕಲ್ಲು ತಾಮ್ರಗಳನ್ನು ಬಿಟ್ಟು ಕಾಗದಕ್ಕೆ ಬಂದರೆ ಸವಣೂರಿನ ನಿದರ್ಶನವು ಎದುರಾಗುತ್ತದೆ. ಮಿಯಾನಾ ಪಠಾಣರಾದ ನವಾಬರು ಅಲ್ಲಿ ಬಿಜಾಪುರದ ಅರಸರ ಕಾಲದಿಂದ ಬೇರೂರಿ, ಮೊಗಲರು, ನಿಜಾಮರು, ಮರಾಠರು, ಮೈಸೂರಿನ ಸುಲ್ತಾನರು, ಆಂಗ್ಲರು ಇವರೆಲ್ಲರ ಏಳುಬೀಳುಗಳ ನಡುವೆ ಸಂಸ್ಥಾನವನ್ನು ಹೇಗೋ ಉಳಿಸಿಕೊಂಡು ಬಂದರು. ಅದು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಈ ಸೀಮೆಯಲ್ಲಿ ಅಧಿಕಾರವು ಕೈ ಬದಲಿಸಿದಾಗಲೆಲ್ಲ ಬರಹದ ಭಾಷೆಯೂ ಲಿಪಿಯೂ ಬದಲಿಸಿದುವು. ಸುಲ್ತಾನರ, ಮೊಗಲರ ಸನದುಗಳು ಪಾರಸಿಯಲ್ಲಿ; ಪೇಶವೆಯರ ಕಾಲದ ಲೆಕ್ಕಗಳು ಮೋಡಿ ಲಿಪಿಯ ಮರಾಠಿಯಲ್ಲಿ; ಆಂಗ್ಲರ ಆಳಿಕೆಯ ಆರಂಭದಲ್ಲಿಯೂ ಧಾರವಾಡ ಸೀಮೆಯ ಕಂದಾಯದ ಬರಹವು ಮರಾಠಿಯಲ್ಲಿಯೇ ಬಹಳವಾಗಿ ನಡೆದು, ಕನ್ನಡವು ಪ್ರಯಾಸದಿಂದ ತನ್ನ ಸ್ಥಾನವನ್ನು ಪಡೆಯಿತು. ಕಾಗದಗಳು ರುಮಾಲುಗಳಲ್ಲಿ ಕಟ್ಟಲ್ಪಟ್ಟು ಉಳಿದುವು, ಓದುವವರು ಉಳಿಯಲಿಲ್ಲ. ಹಳೆಗನ್ನಡದ ಶಾಸನವನ್ನು ಓದಬಲ್ಲವರು ವಿಶ್ವವಿದ್ಯಾಲಯಗಳ ದೆಸೆಯಿಂದ ಇಂದು ದೊರೆಯುತ್ತಾರೆ. ನೂರೈವತ್ತು ವರ್ಷಗಳ ಹಿಂದಿನ ಮೋಡಿ ಕಾಗದವನ್ನು ಓದಬಲ್ಲವರನ್ನು ಕನ್ನಡನಾಡಿನಲ್ಲಿ ಹುಡುಕಬೇಕಾಗಿದೆ. ಹಳೆಯದು ಹತ್ತಿರವಾಗಿ ಹೊಸದು ದೂರವಾದ ಈ ವಿಪರ್ಯಾಸಕ್ಕೆ ಕಾರಣವು ಛಂದಸ್ಸಿನ ಲೋಪ.

ಆ ದಪ್ತರಗಳಿಗೆ ಉದ್ಬೋಧಕನಾಗಿದ್ದವನು ಕುಲಕರ್ಣಿ. ಯಾವ ಹೊಲವು ಯಾವ ವಾಟಣಿಯಲ್ಲಿ ಯಾರ ಪಾಲಿಗೆ ಬಂದಿತು, ಯಾವ ಕಾಲುದಾರಿಯು ಯಾರ ಒಪ್ಪಿಗೆಯಿಂದ ಬಿಟ್ಟುದು ಎಂಬುದು ಅವನ ಬಾಯಲ್ಲಿರುತ್ತಿತ್ತು. ಈ ಜ್ಞಾನವು ಒಂದು ಮನೆತನದ ಸೊತ್ತಾಗಿದ್ದುದರಿಂದ ರೈತನು ಅದಕ್ಕೆ ಕೈಯೊಡ್ಡಿ ನಿಲ್ಲಬೇಕಾಗಿತ್ತು; ಆದುದರಿಂದ ಮುಂಬಯಿ ಪ್ರಾಂತದ ೧೯೫೦ರ ಕಾಯಿದೆಯಿಂದ ಕುಲಕರ್ಣಿ ವತನವು ರದ್ದಾದುದು ನ್ಯಾಯವಾದ ಕಾರ್ಯವೇ. ಆದರೆ ವತನವನ್ನು ತೆಗೆದವರು ವತನದಾರನ ತಲೆಯೊಳಗಿದ್ದುದನ್ನು ಬರೆದುಕೊಳ್ಳುವ ಏರ್ಪಾಡನ್ನೂ ಮಾಡಿದ್ದರೆ ನ್ಯಾಯವು ಪೂರ್ಣವಾಗುತ್ತಿತ್ತು.

ಇನ್ನು ಗಣಕ. ಕರ್ನಾಟಕ ಸರಕಾರವು ೨೦೦೦ದ ಸುಮಾರಿಗೆ ಭೂಮಿ ಎಂಬ ಯೋಜನೆಯಿಂದ ಪಹಣಿಗಳನ್ನು ಗಣಕಕ್ಕೆ ಏರಿಸಿತು. ೧೭೭ ತಾಲೂಕುಗಳ ಸುಮಾರು ೬೭ ಲಕ್ಷ ಭೂಮಾಲಿಕರಿಗೆ ಸೇರಿದ ಸುಮಾರು ೨ ಕೋಟಿ ದಾಖಲೆಗಳು ಹೀಗೆ ಏರಿದುವು. ಅದುವರೆಗೆ ಗ್ರಾಮಲೆಕ್ಕಿಗನ ಬಳಿಯಲ್ಲಿದ್ದ ಕಡತವು ತಾಲೂಕು ಕಚೇರಿಯ ಯಂತ್ರಕ್ಕೆ ಬಂದು, ರೈತನು ೧೫ ರೂಪಾಯಿಗಳನ್ನು ಕೊಟ್ಟು ತನ್ನ ಪಹಣಿಯನ್ನು, ಈ ಸೀಮೆಯವರ ಮಾತಿನಲ್ಲಿ ಉತಾರವನ್ನು, ಅಂದೇ ಪಡೆಯುವಂತಾಯಿತು. ಬದಲಾವಣೆ ಮಾಡುವ ಅಧಿಕಾರಿಯು ಬೆರಳಗುರುತನ್ನು ಒತ್ತಿಯೇ ಯಂತ್ರವನ್ನು ಮುಟ್ಟಬೇಕೆಂದೂ, ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಚಾರಿಸಬೇಕೆಂದೂ ನಿಯಮವಾಯಿತು.

ಇಲ್ಲಿ ಪೂರ್ವಪಕ್ಷವು ಹೀಗಿದೆ: ಶಾಸನವೆಲ್ಲಿ, ಗಣಕವೆಲ್ಲಿ? ಕಲ್ಲು ಒಂದೇ ಕಡೆ ನಿಲ್ಲುವುದು; ಉತಾರವು ಎಲ್ಲ ಕಡೆಯಲ್ಲಿಯೂ ದೊರೆಯುವುದು. ಕಲ್ಲನ್ನು ಓದಲು ಪಂಡಿತನು ಬೇಕು; ಉತಾರವನ್ನು ಶಾಲೆಯ ಹುಡುಗನೂ ಓದುವನು. ಕಾಗದವನ್ನು ತಿದ್ದಬಹುದು, ಬೆರಳಗುರುತನ್ನು ಅಲ್ಲಗಳೆಯಲಾಗದು. ಹೀಗಿರುವಾಗ ಹಳೆಯದನ್ನು ಹೊಗಳುವುದು ಹಳಬರ ಚಪಲವಲ್ಲವೇ, ಎಂದು.

ಈ ಪೂರ್ವಪಕ್ಷದ ಒಂದೊಂದು ಮಾತನ್ನೂ ನಾವು ಒಪ್ಪುವೆವು. ಉತಾರದಲ್ಲಿ ಋಷಿಯು ಸ್ಪಷ್ಟ, ದೇವತೆಯು ಸ್ಪಷ್ಟ. ಸರ್ವೆ ನಂಬರು, ಹಿಸ್ಸೆ, ವಿಸ್ತೀರ್ಣ, ಕಬ್ಜೆದಾರನ ಹೆಸರು ಎಲ್ಲವೂ ನಿಯತವಾದ ಮನೆಗಳಲ್ಲಿ ಕುಳಿತಿರುವುದರಿಂದ ಛಂದಸ್ಸೂ ಸ್ಪಷ್ಟ. ಸಂದೇಹವಿರುವುದು ನಾಲ್ಕನೆಯ ಅಂಗದಲ್ಲಿ. ಹಕ್ಕು ಹೇಗೆ ಬಂದಿತೆಂಬ ಮನೆಯಲ್ಲಿ ಬದಲಾವಣೆಯ ಒಂದು ಸಂಖ್ಯೆಯೂ ಕ್ರಯ, ವಾರಸಾ ಮೊದಲಾದ ಒಂದು ಶಬ್ದವೂ ಇರುತ್ತವೆ. ಆ ಸಂಖ್ಯೆಯು ಬದಲಾವಣೆಯ ಪುಸ್ತಕವನ್ನು ಕೈತೋರಿಸುತ್ತದೆ. ಬದಲಾವಣೆಯು ಗಣಕದ ಕಾಲಕ್ಕಿಂತ ಹಿಂದಿನದಾದರೆ ಪುಸ್ತಕವು ಕಾಗದದ್ದು. ಇನ್ನೂ ಹಿಂದಿನದಾದರೆ ರುಮಾಲಿನೊಳಗಣದು. ಮತ್ತೂ ಹಿಂದಿನದಾದರೆ ಮೋಡಿಯದು. ಗೆರೆಯು ನೇರವಾಗಿದ್ದಷ್ಟು ಕಾಲ ಈ ದೂರವು ಯಾರಿಗೂ ತಿಳಿಯುವುದಿಲ್ಲ. ಅಣ್ಣತಮ್ಮಂದಿರಲ್ಲಿ ವ್ಯಾಜ್ಯವೆದ್ದ ದಿನ, ಬದುವಿನ ಕಲ್ಲು ಸರಿದ ದಿನ, ಹೆಸರಿನಲ್ಲೊಂದು ಅಕ್ಷರವು ತಪ್ಪಿ ಸಾಲವು ನಿಂತುಹೋದ ದಿನ, ರೈತನಿಗೆ ಬೇಕಾಗುವುದು ಫಲಿತವಲ್ಲ, ಕಾರಣ. ಆಗ ಉತಾರವು ಸಂಖ್ಯೆಯನ್ನು ತೋರಿಸಿ ಮೌನವನ್ನು ತಾಳುವುದು. ಅಬಲೂರ ಕಲ್ಲು ಎಂಟುನೂರು ವರ್ಷಗಳಾದ ಮೇಲೆಯೂ ಏಕೆಂದು ಕೇಳಿದರೆ ಹೇಳುತ್ತದೆ, ಭೇದವಿರುವುದು ಇಲ್ಲಿ. ಕಲ್ಲಿಗೆ ಕಾಗದಕ್ಕಿಂತ ಆಯುಸ್ಸು ಹೆಚ್ಚೆಂಬ ಮಾತಲ್ಲ ಇದು. ಬರೆಯಿಸಿದವರ ಉದ್ದೇಶದಲ್ಲಿರುವ ಭೇದ. ಫಲಿತವನ್ನು ಮಾತ್ರ ಬರೆದವನು ತನ್ನ ಕಾಲದ ಕೆಲಸವನ್ನು ಮುಗಿಸಿದನು. ಕಾರಣವನ್ನೂ ಬರೆದವನು ಮುಂದಿನವರ ಕೆಲಸವನ್ನೂ ಮಾಡಿದನು.

ಸರಕಾರಕ್ಕೆ ಈ ಕೊರತೆಯ ಅರಿವಿಲ್ಲವೆಂದು ಹೇಳಲಾಗದು. ಭೂಸುರಕ್ಷಾ ಎಂಬ ಯೋಜನೆಯಿಂದ ತಾಲೂಕು ಕಚೇರಿಗಳ ಹಳೆಯ ಕಡತಗಳ ಬಿಂಬಗಳನ್ನು ಯಂತ್ರದಿಂದ ತೆಗೆದಿಡುವ ಕಾರ್ಯವು ೨೦೨೪ರಲ್ಲಿ ಮೊದಲಾಗಿದೆ. ಕಾಗದವು ಪುಡಿಯಾಗುವ ಮುನ್ನ ಇದು ಆಗಬೇಕಾದ ಕಾರ್ಯ. ಆದರೆ ಬಿಂಬವು ಸಂಸ್ಕಾರ ಮಾತ್ರ. ಸಾವಿರ ಪುಟಗಳ ಬಿಂಬವಿದ್ದು, ಯಾವ ಪುಟದಲ್ಲಿ ಯಾವ ಊರು, ಯಾವ ವ್ಯವಹಾರ, ಯಾವ ನಿರ್ಣಯವೆಂಬ ಅನುಕ್ರಮಣಿಯಿಲ್ಲದಿದ್ದರೆ, ರುಮಾಲಿನ ಧೂಳು ಹೋಗಿ ಕತ್ತಲೆಯು ಹಾಗೆಯೇ ಉಳಿದಂತಾಗುವುದು. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ೨೦೧೧ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯದ ಕಾರ್ಯಕ್ಷೇತ್ರಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಬೀಸುವಾಗಿನ ಹಾಡು, ಬಿತ್ತುವಾಗಿನ ಹಾಡು, ಸೋಬಾನೆ ಇವುಗಳ ಧ್ವನಿಯನ್ನು ಯಂತ್ರವು ಹಿಡಿದಿಡಬಲ್ಲುದು; ಯಾವ ಕಾಲದಲ್ಲಿ, ಯಾರು, ಯಾರ ಮುಂದೆ ಹಾಡತಕ್ಕುದು ಎಂಬುದನ್ನು ಕೇಳಿ ಬರೆದುಕೊಳ್ಳುವವನು ಮನುಷ್ಯನೇ ಆಗಿರಬೇಕು.

ಇಷ್ಟರಿಂದ ಮಾಡತಕ್ಕುದೇನೆಂಬುದು ತಾನಾಗಿಯೇ ಏರ್ಪಡುತ್ತದೆ. ದಪ್ತರದವರಿಗೆ ಹೇಳಬೇಕಾದುದು ಮೂರು. ಒಂದು, ಬದಲಾವಣೆಯ ಸಂಖ್ಯೆಯ ಪಕ್ಕದಲ್ಲಿ ಅದರ ಕಾರಣವನ್ನು ನಾಲ್ಕು ಸಾಲುಗಳ ಕನ್ನಡದಲ್ಲಿ ಬರೆಯಲಿ. ಪ್ರತಿವಾದಿಯಿದ್ದರೆ ಅವನ ವಾದವೂ ಅದರಲ್ಲಿ ಒಂದು ಸಾಲಾಗಿರಲಿ. ಎರಡು, ಹಳೆಯ ಕಡತದಿಂದ ಗಣಕಕ್ಕೆ ಏರಿಸಿದವನ ಹೆಸರೂ ಏರಿಸಿದ ದಿನವೂ ಮೂಲದ ಗುರುತೂ ವೀರನಂದಿಗಳ ಮೇಲ್ಪಂಕ್ತಿಯಂತೆ ಪ್ರತಿಯಲ್ಲಿಯೇ ಇರಲಿ. ಮೂರು, ಮೋಡಿಯನ್ನು ಬಲ್ಲ ವೃದ್ಧರು ಇರುವಾಗಲೇ ಪ್ರತಿ ತಾಲೂಕಿನಿಂದ ಇಬ್ಬರು ತರುಣರಾದರೂ ಅವರಲ್ಲಿ ಕಲಿಯಲಿ. ಈ ಕಾರ್ಯಕ್ಕೆ ವೆಚ್ಚವು ಅಲ್ಪ, ಕಾಲಾವಕಾಶವು ಅದಕ್ಕಿಂತಲೂ ಅಲ್ಪ.

ನಮ್ಮಂತಹ ಶಾಸ್ತ್ರವ್ಯಾಸಂಗಿಗಳಿಗೆ ಉಳಿಯುವ ಕಾರ್ಯವೂ ಒಂದುಂಟು. ಈ ನಾಲ್ಕು ತಾಲೂಕುಗಳ ಪ್ರಕಟಿತ ಶಾಸನಗಳಲ್ಲಿ ರಾಜರ ಹೆಸರಿನ ಸೂಚಿ, ಊರಿನ ಹೆಸರಿನ ಸೂಚಿ ಇವೆ, ವಿಧಿಭಾಗದ ಸೂಚಿಯಿಲ್ಲ. ಗಳೆಗಳು, ಮತ್ತರಿನ ಭೇದಗಳು, ಸುಂಕಗಳು, ವೆಚ್ಚದ ಬಾಬುಗಳು, ಎಲ್ಲೆಗುರುತುಗಳು, ಸಾಕ್ಷಿಗಳ ಪದವಿಗಳು, ಪ್ರತಿಮಾಡಿದ ಉಲ್ಲೇಖಗಳು ಇವನ್ನು ಅಕಾರಾದಿಯಾಗಿ ಜೋಡಿಸಿದ ವಿಧಿಸೂಚಿಯೊಂದು ಸಿದ್ಧವಾದರೆ, ಹಾನಗಲ್ಲಿನಲ್ಲಿ ಅರ್ಥವಾಗದ ಪದವು ಹಿರೇಕೆರೂರಿನ ಕಲ್ಲಿನಿಂದ ಬಿಡಿಸಿಕೊಳ್ಳಬಹುದು. ಶಾಸನಗಳ ಕವಿತ್ವವನ್ನು ಮೆಚ್ಚುವ ವಿಮರ್ಶಕರಿಗೂ ಇದರಿಂದ ನಷ್ಟವಿಲ್ಲ. ವಿಧಿಯನ್ನು ಅರಿತವನಿಗೆ ಅರ್ಥವಾದದ ಸೊಗಸು ಹೆಚ್ಚಾಗಿಯೇ ತೋರುವುದು. ಮುಂದೆ ಬರುವವರು ತಿಳಿಯಲೆಂದು ಬರೆಯಿಸಿದ ಆ ಸಾಲುಗಳನ್ನು, ಮುಂದೆ ಬಂದವರಾದ ನಾವೇ ಬಿಟ್ಟು ಓದಿದರೆ, ಬರೆಯಿಸಿದವರ ಮಾತು ಸಲ್ಲಬೇಕಾದಲ್ಲಿ ಸಲ್ಲದೆ ಹೋಗುವುದು. ಈ ಸೂಚಿಯ ಕಾರ್ಯದಲ್ಲಿ ಶ್ರದ್ಧೆಯುಳ್ಳ ವಿದ್ವಾಂಸರು ತಾಲೂಕಿಗೊಬ್ಬರಂತೆ ಮುಂದೆ ಬರುವುದು ಅತ್ಯವಶ್ಯ.